ಎಲೆ, ರೆಂಬೆಗಳನ್ನು ಬಾಡದಂತೆ ಉಳಿಸಿಕೊಳ್ಳುವುದು ಹೇಗೆ: ಮನೆ ಅಲಂಕಾರಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಕತ್ತರಿಸಿದ ರೆಂಬೆಗೆ ಬೇರಿಲ್ಲ. ಆದರೆ ಅದರ ಎಲೆಗಳು ಸುಮ್ನೆ ಕೂರುವುದಿಲ್ಲ. ಗಿಡದಲ್ಲಿದ್ದಾಗ ಹೇಗೋ ಹಾಗೆಯೇ ಸಣ್ಣ ಸಣ್ಣ ರಂಧ್ರಗಳಿಂದ ನೀರನ್ನು ಆವಿಯಾಗಿ ಹೊರಗೆ ಬಿಡುತ್ತಲೇ ಇರುತ್ತವೆ. ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವುದು ಜಾಸ್ತಿಯಾದಾಗ ಎಲೆ ಬಾಡುತ್ತದೆ. ಹಸಿರನ್ನು ಉಳಿಸುವ ಯಾವ ವಿಧಾನವನ್ನು ತೆಗೆದುಕೊಂಡರೂ ಅದು ಈ ನೀರಿನ ಲೆಕ್ಕ ಸರಿಮಾಡುವ ಕೆಲಸವೇ. ನೀರು ಕೊಡುತ್ತಾ ಹೋಗಬಹುದು. ನೀರಿನ ಜಾಗಕ್ಕೆ ಗ್ಲಿಸರಿನ್ ತುಂಬಬಹುದು. ಇಲ್ಲವೇ ನೀರನ್ನು ಪೂರ್ತಿ ತೆಗೆದು ಒಣಗಿಸಬಹುದು.

ಶುರು ಮಾಡುವ ಮೊದಲೇ ಒಂದು ವಿಷಯ ಗೊತ್ತಿರಲಿ. ಎಲೆಯ ಹಸಿರು ಬಣ್ಣ ಮತ್ತು ಎಲೆಯ ಮೆದುತನ, ಎರಡೂ ಒಟ್ಟಿಗೆ ತಿಂಗಳುಗಟ್ಟಲೆ ಉಳಿಯುವುದು ಕಷ್ಟ. ಗ್ಲಿಸರಿನ್ ಕುಡಿಸಿದರೆ ಎಲೆ ಬಾಗುವಷ್ಟು ಮೆತ್ತಗಿರುತ್ತದೆ, ಆದರೆ ಬಣ್ಣ ಕಂದಿಗೆ ತಿರುಗುತ್ತದೆ. ಬೇಗ ಒತ್ತಿ ಒಣಗಿಸಿದರೆ ಬಣ್ಣ ಬಹಳಷ್ಟು ಉಳಿಯುತ್ತದೆ, ಆದರೆ ಎಲೆ ಗರಿಗರಿಯಾಗಿ ಮುಟ್ಟಿದರೆ ಮುರಿಯುತ್ತದೆ. ಅಂಗಡಿಯಲ್ಲಿ ಮೆತ್ತಗೂ ಇರುವ, ಹಚ್ಚ ಹಸಿರಾಗಿಯೂ ಇರುವ ಫರ್ನ್ ಕಂಡರೆ ಅದಕ್ಕೆ ಬಣ್ಣ ಹಾಕಿದ್ದಾರೆ ಎಂದೇ ತಿಳಿಯಿರಿ. ಹಾಗಾಗಿ ನಿಮಗೆ ಬೇಕಿರುವುದು ಯಾವುದು, ಎಷ್ಟು ದಿನಕ್ಕೆ ಎಂದು ಮೊದಲು ಯೋಚಿಸಿ. ವಾರದ ಮಟ್ಟಿಗೆ ಹೂದಾನಿ ತುಂಬಬೇಕಿದ್ದರೆ ಗ್ಲಿಸರಿನ್ ಗೋಜೇ ಬೇಡ, ನೀರು ಸಾಕು.

ಕತ್ತರಿಸುವಾಗಲೇ ಅರ್ಧ ಕೆಲಸ

ಬೆಳಗ್ಗೆ ಬಿಸಿಲೇರುವ ಮುಂಚೆ ಕತ್ತರಿಸಿ. ರಾತ್ರಿಯಿಡೀ ನೀರು ಕುಡಿದು ಎಲೆಗಳು ತುಂಬಿಕೊಂಡಿರುತ್ತವೆ. ಬೆಳಗ್ಗೆ ಆಗದಿದ್ದರೆ ಸಂಜೆ. ಮಧ್ಯಾಹ್ನದ ಬಿಸಿಲಲ್ಲಿ ಕತ್ತರಿಸಿದ ರೆಂಬೆ ಆಗಲೇ ಬಾಯಾರಿರುತ್ತದೆ, ಅದನ್ನು ಸುಧಾರಿಸುವುದು ಸುಲಭವಲ್ಲ.

ತುದಿಯ ಎಳೆ ಚಿಗುರು ಯಾವ ವಿಧಾನಕ್ಕೂ ಒಗ್ಗುವುದಿಲ್ಲ. ಮೊದಲು ಜೋತು ಬೀಳುವುದು ಅದೇ. ಪೂರ್ತಿ ಬಲಿತ, ಗಟ್ಟಿಯಾದ ಎಲೆಗಳಿರುವ ರೆಂಬೆ ಆರಿಸಿ, ತುದಿಯ ಚಿಗುರನ್ನು ಚಿವುಟಿ ಹಾಕಿ. ಇನ್ನೊಂದು ತುದಿಗೂ ಹೋಗಬೇಡಿ: ಹಣ್ಣಾಗಿ ಉದುರಲು ಸಿದ್ಧವಾಗಿರುವ ಎಲೆ ನೀರನ್ನೂ ಎಳೆಯುವುದಿಲ್ಲ, ಗ್ಲಿಸರಿನ್ನನ್ನೂ ಎಳೆಯುವುದಿಲ್ಲ.

ಕತ್ತರಿ ಹರಿತವಾಗಿರಲಿ, ಸ್ವಚ್ಛವಾಗಿರಲಿ. ಮೊಂಡು ಕತ್ತರಿ ಕಾಂಡವನ್ನು ಕತ್ತರಿಸುವ ಬದಲು ಅಮುಕುತ್ತದೆ, ನೀರು ಹೋಗುವ ನಾಳಗಳು ಅಲ್ಲೇ ಮುಚ್ಚಿಕೊಳ್ಳುತ್ತವೆ. ಓರೆಯಾಗಿ ಕತ್ತರಿಸಿದರೆ ಕಾಂಡದ ಬುಡ ಪಾತ್ರೆಯ ತಳಕ್ಕೆ ಚಪ್ಪಟೆಯಾಗಿ ಅಂಟುವುದಿಲ್ಲ. ಹತ್ತಿರದಲ್ಲೇ ಒಂದು ಬಕೆಟ್ ನೀರಿಟ್ಟುಕೊಂಡು ಕತ್ತರಿಸಿದ ಹಾಗೆಲ್ಲ ಅದರಲ್ಲಿಡಿ. ತುಂಬಾ ಹೊತ್ತು ಹೊರಗಿದ್ದರೆ ನಾಳಗಳೊಳಗೆ ಗಾಳಿ ಸೇರಿಕೊಂಡು ನೀರು ಮೇಲೇರುವುದಕ್ಕೆ ಅಡ್ಡಿಯಾಗುತ್ತದೆ.

ಕಣಗಿಲೆಯಂಥ ಗಿಡಗಳ ಎಲ್ಲ ಭಾಗವೂ ವಿಷ. ಚೆಂದ ಕಾಣುತ್ತದೆ ನಿಜ, ಆದರೆ ಚಿಕ್ಕ ಮಕ್ಕಳು, ನಾಯಿ ಬೆಕ್ಕುಗಳಿರುವ ಮನೆಗೆ ಬೇಡ. ಯಾವುದೇ ಗಿಡದ ಹೆಸರು ಗೊತ್ತಿಲ್ಲದಿದ್ದರೆ ಕೈಗವಸು ಹಾಕಿಕೊಂಡೇ ಕತ್ತರಿಸಿ.

ಹೂದಾನಿಯಲ್ಲಿ ತಾಜಾ ಇಡುವುದು

ರೆಂಬೆಗಳನ್ನು ಮನೆಗೆ ತಂದ ಕೂಡಲೇ ಅಲಂಕಾರಕ್ಕೆ ಕೂರಬೇಡಿ. ಮೊದಲು ಹೊಟ್ಟೆ ತುಂಬಾ ನೀರು ಕುಡಿಸಿ. ಬುಡವನ್ನು ಒಂದೆರಡು ಸೆಂಟಿಮೀಟರ್‌ನಷ್ಟು ಮತ್ತೆ ಓರೆಯಾಗಿ ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ರೆಂಬೆಗಳನ್ನು ನಿಲ್ಲಿಸಿ, ತಂಪಾದ ಕತ್ತಲೆ ಮೂಲೆಯಲ್ಲಿ ಒಂದು ರಾತ್ರಿ ಬಿಡಿ. ಕತ್ತಲೆಯಲ್ಲಿ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಹೊರಗೆ ಹೋಗುವ ನೀರು ಕಡಿಮೆಯಾಗುತ್ತದೆ, ಕಾಂಡ ಮಾತ್ರ ಕುಡಿಯುತ್ತಲೇ ಇರುತ್ತದೆ. ಮಾರನೇ ದಿನ ಎಲೆ ಮುಟ್ಟಿ ನೋಡಿ, ಬಿಗಿಯಾಗಿರುತ್ತದೆ.

ಗಟ್ಟಿ ಕೊಂಬೆಗಳ ಬುಡವನ್ನು ಸುತ್ತಿಗೆಯಿಂದ ಜಜ್ಜುವುದು ಹಳೆಯ ರೂಢಿ. ನನಗೆ ಅದು ಇಷ್ಟವಿಲ್ಲ. ಜಜ್ಜಿದ ಜಾಗದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆದು ನೀರು ಗಬ್ಬು ನಾರುತ್ತದೆ. ಅದರ ಬದಲು ಬುಡದಲ್ಲಿ ಚಾಕುವಿನಿಂದ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಸೀಳಿದರೆ ಸಾಕು. ರಬ್ಬರ್ ಗಿಡದ ಜಾತಿಯವು, ಕಳ್ಳಿಯ ಜಾತಿಯವು ಕತ್ತರಿಸಿದಾಗ ಹಾಲು ಸುರಿಸುತ್ತವಲ್ಲ, ಆ ಹಾಲು ಗಟ್ಟಿಯಾಗಿ ನಾಳ ಮುಚ್ಚಿಕೊಳ್ಳುತ್ತದೆ. ಅಂಥವುಗಳ ಬುಡವನ್ನು ಕುದಿಯುವ ನೀರಲ್ಲಿ ಇಪ್ಪತ್ತು ಮೂವತ್ತು ಸೆಕೆಂಡ್ ಅದ್ದಿ ತೆಗೆಯಿರಿ. ಆ ಹಾಲು ಚರ್ಮಕ್ಕೂ ಕಣ್ಣಿಗೂ ತಾಗಬಾರದು, ಉರಿಯುತ್ತದೆ.

ಐವಿಯಂಥ ಗಟ್ಟಿ ಎಲೆ ಬಾಡಿದ್ದರೆ ಇಡೀ ಬಳ್ಳಿಯನ್ನೇ ತಣ್ಣೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಡಿ, ಬಹಳ ಸಲ ಚೇತರಿಸಿಕೊಳ್ಳುತ್ತದೆ. ಬೂದು ಬಣ್ಣದ, ಮೈಮೇಲೆ ನಯವಾದ ರೋಮವಿರುವ ಎಲೆಗಳಿಗೆ ಮಾತ್ರ ಹೀಗೆ ಮಾಡಬೇಡಿ. ರೋಮಗಳ ನಡುವೆ ನೀರು ನಿಂತು ಎಲೆ ಕೊಳೆಯುತ್ತದೆ.

ಇನ್ನು ಹೂದಾನಿಯ ನೀರು. ಬರೀ ಎಲೆಗಳಿಗೆ ಸಕ್ಕರೆ, ಆಸ್ಪಿರಿನ್ ಅಂತೆಲ್ಲ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ಹೂದಾನಿಯ ಒಳಗಿನ ಲೋಳೆಯನ್ನು ಸೋಪಿನಿಂದ ತಿಕ್ಕಿ ತೊಳೆದು, ಕಾಂಡದ ಬುಡವನ್ನು ಸ್ವಲ್ಪ ಕತ್ತರಿಸಿದರೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ನೀರು ಬೇಗ ಕಲಕುತ್ತಿದ್ದರೆ ಒಂದು ಲೀಟರ್‌ಗೆ ಕಾಲು ಟೀ ಚಮಚ ಬ್ಲೀಚ್ ಹಾಕಬಹುದು. ಬ್ಲೀಚ್ ಹಾಕಿದ ನೀರಿಗೆ ನಿಂಬೆರಸ, ವಿನೆಗರ್ ಸೇರಿಸಬೇಡಿ. ಆಮ್ಲ ಸೇರಿದರೆ ಬ್ಲೀಚ್ ಕ್ಲೋರಿನ್ ಅನಿಲ ಬಿಡುತ್ತದೆ.

ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಮಾಗುತ್ತಿರುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಎಲೆಗಳು ಬೇಗ ಹಳದಿಯಾಗಿ ಉದುರುವ ಹಾಗೆ ಮಾಡುತ್ತದೆ. ಫ್ಯಾನಿನ ನೇರ ಗಾಳಿ, ಎಸಿ, ಹೀಟರ್, ಕಿಟಕಿಯ ಬಿಸಿಲು ಇವೂ ಶತ್ರುಗಳೇ. ಅಂದಹಾಗೆ, ಮನಿಪ್ಲಾಂಟ್ ಬಳ್ಳಿಯನ್ನು ಗೆಣ್ಣು ನೀರಿನೊಳಗೆ ಇರುವ ಹಾಗೆ ಇಟ್ಟರೆ ಅದು ಬೇರು ಬಿಟ್ಟು ಬೆಳೆಯಲು ಶುರು ಮಾಡುತ್ತದೆ. ಉಳಿಸಿಕೊಳ್ಳುವ ತಲೆನೋವೇ ಇಲ್ಲ, ಅಲ್ವಾ?

ನೀರಿಲ್ಲದ ಮಾಲೆ, ಬಳೆಗಳಿಗೆ

ಬಾಗಿಲಿಗೆ ಕಟ್ಟುವ ಎಲೆಯ ಬಳೆ (ಬಳೆಯಂತೆ ದುಂಡಗೆ ಸುತ್ತಿದ ಎಲೆಯ ಕಟ್ಟು), ಮೇಜಿನ ಮೇಲೆ ಉದ್ದಕ್ಕೆ ಹಾಸುವ ಎಲೆ ಮಾಲೆ ಇಂಥವಕ್ಕೆ ಹೂದಾನಿ ಇರುವುದಿಲ್ಲ. ಇವಕ್ಕೆ ಪೈನ್, ಸೀಡರ್, ನೀಲಗಿರಿ, ಮ್ಯಾಗ್ನೋಲಿಯಾದಂಥ ದಪ್ಪ ಅಥವಾ ಮೇಣದ ಹೊದಿಕೆಯ ಎಲೆಗಳು ಸರಿ. ಕಟ್ಟುವ ಹಿಂದಿನ ರಾತ್ರಿ ಮೇಲೆ ಹೇಳಿದಂತೆ ನೀರು ಕುಡಿಸಿ, ಮಾರನೇ ದಿನ ಎಲೆಯ ಮೇಲಿನ ತೇವ ಆರಿಸಿ ಕಟ್ಟಿ. ಎಲೆಯಿಂದ ನೀರು ಆವಿಯಾಗುವುದನ್ನು ತಡೆಯುವ ಸ್ಪ್ರೇಗಳು ಸಿಗುತ್ತವೆ, ಅವು ಎಲೆಯ ಮೇಲೆ ತೆಳುವಾದ ಪದರ ಕಟ್ಟುತ್ತವೆ. ರೋಮವಿರುವ ಎಲೆಗೂ ಬೂದಿ ಹಚ್ಚಿದಂತೆ ಕಾಣುವ ನೀಲಿ ಛಾಯೆಯ ಎಲೆಗೂ ಇದನ್ನು ಹೊಡೆಯಬೇಡಿ, ಆ ಛಾಯೆಯೇ ಹೋಗಿಬಿಡುತ್ತದೆ.

ರಾತ್ರಿ ಹೊತ್ತು ಮಾಲೆಯನ್ನು ಇಳಿಸಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಸುತ್ತಿ ತಂಪಾದ ಜಾಗದಲ್ಲಿಟ್ಟರೆ ಇನ್ನೂ ಕೆಲವು ದಿನ ಬರುತ್ತದೆ. ಪೈನ್‌ನಂಥ ಸೂಜಿ ಎಲೆಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಾಗಿದರೆ ಸರಿ, ಟಕ್ ಅಂತ ಮುರಿದರೆ ಒಣಗಿದೆ. ಒಣಗಿದ ಮೇಲೆ ಅದು ಬೆಂಕಿಗೆ ಸಿದ್ಧವಾಗಿರುವ ಸೌದೆ. ಮೇಣದಬತ್ತಿ, ದೀಪ, ಬಿಸಿಯಾಗುವ ಬಲ್ಬುಗಳ ಹತ್ತಿರ ಒಂದು ಕ್ಷಣವೂ ಬೇಡ, ತೆಗೆದುಬಿಡಿ.

ಗ್ಲಿಸರಿನ್ ಕುಡಿಸುವುದು

ತಿಂಗಳುಗಟ್ಟಲೆ, ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುವ ವಿಧಾನ ಇದು. ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ತಪ್ಪುಗಳು ಕಡಿಮೆಯಾಗುತ್ತವೆ. ಎಲೆ ಆವಿ ಬಿಡುತ್ತಾ ಕೆಳಗಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ಗ್ಲಿಸರಿನ್ ಬೆರೆಸಿದ್ದರೆ ಅದೂ ಜೊತೆಗೆ ಮೇಲೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಗ್ಲಿಸರಿನ್ ಎಲೆಯೊಳಗೇ ಉಳಿಯುತ್ತದೆ. ಅದಕ್ಕೆ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣ ಇರುವುದರಿಂದ ಎಲೆ ಒಣಗಿ ಪುಡಿಯಾಗುವುದಿಲ್ಲ. ಅಂದರೆ, ಕುಡಿಸುವಾಗ ಎಲೆ ಇನ್ನೂ ಜೀವಂತವಾಗಿ ನೀರೆಳೆಯುತ್ತಿರಬೇಕು. ಬಾಡಿದ ರೆಂಬೆಯನ್ನು ಗ್ಲಿಸರಿನ್ನಿನಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ.

ನೀಲಗಿರಿ, ಮ್ಯಾಗ್ನೋಲಿಯಾ, ಓಕ್, ಬೀಚ್, ಬಾಕ್ಸ್‌ವುಡ್ ಇವು ಚೆನ್ನಾಗಿ ಕುಡಿಯುತ್ತವೆ. ಎಲೆ ಚರ್ಮದಂತೆ ಗಟ್ಟಿಯಾಗಿದ್ದು, ಕಾಂಡ ಮರದಂತಿದ್ದರೆ ಧೈರ್ಯವಾಗಿ ಪ್ರಯತ್ನಿಸಬಹುದು. ಮೆತ್ತನೆ ಕಾಂಡದ, ತೆಳು ಎಲೆಯ ಗಿಡಗಳನ್ನು ಬಿಟ್ಟುಬಿಡಿ.

1. ಅರ್ಧ ಮೀಟರ್‌ಗಿಂತ ಉದ್ದದ ರೆಂಬೆ ಬೇಡ. ಉದ್ದ ಜಾಸ್ತಿಯಾದಷ್ಟೂ ಗ್ಲಿಸರಿನ್ ತುದಿ ಮುಟ್ಟುವ ಮೊದಲೇ ತುದಿ ಒಣಗಿರುತ್ತದೆ. ಹುಳ ತಿಂದ, ಚುಕ್ಕೆ ಬಿದ್ದ ಎಲೆಗಳನ್ನು ಈಗಲೇ ತೆಗೆಯಿರಿ. ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಧೂಳು ತೆಗೆಯಿರಿ.

2. ಬುಡದ ಐದು ಸೆಂಟಿಮೀಟರ್‌ನಷ್ಟು ತೊಗಟೆ ಕೆರೆದು, ಬುಡವನ್ನು ಉದ್ದಕ್ಕೆ ಸೀಳಿ. ಸೀಳಿದ ಕೂಡಲೇ ನೀರಿಗೆ ಹಾಕಿ, ಒಂದೆರಡು ಗಂಟೆ ಬಿಡಿ.

3. ಒಂದು ಭಾಗ ಗ್ಲಿಸರಿನ್‌ಗೆ ಎರಡು ಭಾಗ ಬಿಸಿನೀರು. ಗ್ಲಿಸರಿನ್ ನೀರಿಗಿಂತ ಭಾರ, ಹಾಕಿದ ಕೂಡಲೇ ತಳಕ್ಕೆ ಇಳಿದು ಕೂರುತ್ತದೆ. ಚಮಚದಲ್ಲಿ ಒಂದು ಸುತ್ತು ತಿರುಗಿಸಿದರೆ ಸಾಲದು. ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಬೆರೆಯದ ಗ್ಲಿಸರಿನ್ ಎಳೆ ಎಳೆಯಾಗಿ ತೇಲಾಡುವುದು ಕಾಣುತ್ತದೆ. ಆ ಎಳೆಗಳು ಮಾಯವಾಗುವ ತನಕ ಕಲಕಿ. ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ದ್ರಾವಣ ಕಾಂಡದೊಳಗೆ ಸಲೀಸಾಗಿ ನುಗ್ಗುತ್ತದೆ.

4. ಎತ್ತರದ, ತಳ ಭಾರವಿರುವ ಕಿರಿದಾದ ಜಾಡಿಯಲ್ಲಿ ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ಈ ದ್ರಾವಣ ಹುಯ್ದು ರೆಂಬೆ ನಿಲ್ಲಿಸಿ. ದ್ರಾವಣ ಬೆಚ್ಚಗಿರುವಾಗಲೇ ನಿಲ್ಲಿಸಿ, ಬೆಚ್ಚಗಿದ್ದರೆ ತೆಳುವಾಗಿ ಬೇಗ ಮೇಲೇರುತ್ತದೆ. ಜಾಡಿಯ ಹೊರಗೆ ಪೆನ್ನಿನಿಂದ ಮಟ್ಟದ ಗುರುತು ಹಾಕಿ. ಗುರುತಿಗಿಂತ ಕೆಳಗಿಳಿದರೆ ರೆಂಬೆ ಕುಡಿಯುತ್ತಿದೆ ಎಂದು ಗೊತ್ತಾಗುತ್ತದೆ, ಅಷ್ಟೇ ದ್ರಾವಣ ಮತ್ತೆ ಸೇರಿಸಬಹುದು.

5. ಈ ಜಾಡಿಗೆ ಕತ್ತಲೆ ಮೂಲೆ ಬೇಡ. ರಂಧ್ರಗಳು ತೆರೆದಿದ್ದರೇ ತಾನೇ ದ್ರಾವಣ ಮೇಲೇರುವುದು? ನೇರ ಬಿಸಿಲು ಬೀಳದ, ಬೆಳಕು ಮತ್ತು ಗಾಳಿ ಆಡುವ ಜಾಗದಲ್ಲಿಡಿ.

ಮುಂದಿನ ಕೆಲಸ ಕಾಯುವುದು. ತೆಳು ಎಲೆಗೆ ಒಂದು ವಾರ ಸಾಕಾಗಬಹುದು, ದಪ್ಪ ಎಲೆಗೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಕ್ಯಾಲೆಂಡರ್ ನೋಡುವುದಕ್ಕಿಂತ ಎಲೆಯನ್ನೇ ನೋಡಿ. ಮೊದಲು ನಡುನರದ ಆಚೀಚೆ ಬಣ್ಣ ಗಾಢವಾಗುತ್ತದೆ. ಅಲ್ಲಿಂದ ಪಕ್ಕದ ನರಗಳ ಗುಂಟ ಹರಡುತ್ತದೆ. ಎಲೆಯ ಅಂಚು ಕೊನೆಯದು. ಅರ್ಧ ದಾರಿಯಲ್ಲಿರುವ ಎಲೆಯನ್ನು ಕಿಟಕಿಗೆ ಹಿಡಿದರೆ ಒಳಗೊಂದು ಗಾಢ ಬಣ್ಣದ ಎಲೆ, ಅದರ ಸುತ್ತ ಹಳೆಯ ಹಸಿರಿನ ಗಡಿ ಕಾಣುತ್ತದೆ. ಆ ಗಡಿ ಅಂಚಿನ ತನಕ ಸರಿದು ಮಾಯವಾದಾಗ ಆ ಎಲೆ ಮುಗಿಯಿತು. ಕೆಳಗಿನ ಎಲೆಗಳು ಮೊದಲು ತಯಾರಾಗುತ್ತವೆ, ತುದಿಯವು ತಡ.

ಎಲೆಗಳ ಅಂಚಿನಲ್ಲಿ ಸಣ್ಣ ಸಣ್ಣ ಅಂಟು ಹನಿಗಳು ಕಂಡರೆ ಹೊಟ್ಟೆ ತುಂಬಿ ಉಕ್ಕುತ್ತಿದೆ ಎಂದರ್ಥ. ಕೂಡಲೇ ಹೊರಗೆ ತೆಗೆಯಿರಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಜಾಸ್ತಿ ಕುಡಿದ ಎಲೆ ಮುಂದೆಯೂ ಬೆವರುತ್ತಲೇ ಇರುತ್ತದೆ, ಅದರ ಮೇಲೆ ಧೂಳು ಅಂಟಿ ಬೂಷ್ಟು ಹಿಡಿಯುತ್ತದೆ. ತುದಿ ಮಾತ್ರ ಬಾಡುತ್ತಿದ್ದರೆ ಅದೇ ದ್ರಾವಣವನ್ನು ಹತ್ತಿಯಿಂದ ಆ ಎಲೆಗಳ ಎರಡೂ ಬದಿಗೆ ಸವರಿ.

ಹೊರಗೆ ತೆಗೆದ ರೆಂಬೆಯ ಬುಡ ಒರೆಸಿ, ಕೆಲವು ದಿನ ತಲೆಕೆಳಗಾಗಿ ನೇತುಹಾಕಿ. ಕಾಂಡದಲ್ಲಿ ಉಳಿದ ಗ್ಲಿಸರಿನ್ ತುದಿಗೆ ಇಳಿಯುತ್ತದೆ. ಕೆಳಗೆ ಹಳೆಯ ಪೇಪರ್ ಹಾಸಿ, ಇಲ್ಲದಿದ್ದರೆ ನೆಲ ಅಂಟಾಗುತ್ತದೆ.

ಬಣ್ಣದ ವಿಷಯ. ಮ್ಯಾಗ್ನೋಲಿಯಾ ಕಂದಾಗುತ್ತದೆ, ನೀಲಗಿರಿ ಕೆಲವೊಮ್ಮೆ ಕೆಂಪು ಮಿಶ್ರಿತ ಕಂದು. ನನ್ನ ಮಟ್ಟಿಗೆ ಆ ಕಂದು ಬಣ್ಣವೇ ಚೆಂದ, ಹೊಳೆಯುವ ಚರ್ಮದಂತೆ ಕಾಣುತ್ತದೆ. ಹಸಿರೇ ಬೇಕು ಎಂದರೆ ದ್ರಾವಣ ಮಾಡುವಾಗಲೇ ನೀರಿನಲ್ಲಿ ಕರಗುವ ಹಸಿರು ಬಣ್ಣ ಸೇರಿಸಿ. ಅಡುಗೆ ಬಣ್ಣವೂ ಆಗುತ್ತದೆ, ಆದರೆ ಕಡುವಾಗಿರಬೇಕು. ಪೇಲವ ಬಣ್ಣ ಎಲೆಯಲ್ಲಿ ಕಾಣುವುದೇ ಇಲ್ಲ. ಒಂದು ಸಣ್ಣ ರೆಂಬೆಯಲ್ಲಿ ಪರೀಕ್ಷೆ ಮಾಡಿಯೇ ಉಳಿದದ್ದಕ್ಕೆ ಕೈ ಹಾಕಿ.

ಉಳಿದ ದ್ರಾವಣ ಚೆಲ್ಲಬೇಡಿ. ಸೋಸಿ, ಬಾಟಲಿಯಲ್ಲಿ ತುಂಬಿ, ಎರಡು ಹನಿ ಬ್ಲೀಚ್ ಹಾಕಿಟ್ಟರೆ ಬೂಷ್ಟು ಬರುವುದಿಲ್ಲ. ಬಣ್ಣ ಬೆರೆಸಿದ ದ್ರಾವಣಕ್ಕೆ ಮಾತ್ರ ಬ್ಲೀಚ್ ಬೇಡ, ಬಣ್ಣ ಹೋದೀತು. ಮುಂದಿನ ಸಲ ಬಿಸಿ ಮಾಡಿ ಬಳಸಿ. ಕಾರಿನ ಆಂಟಿಫ್ರೀಜ್ ಇದೇ ಕೆಲಸ ಮಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ಅದರ ಹತ್ತಿರವೂ ಹೋಗಬೇಡಿ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಗೆ ಸಿಹಿ ಬೇರೆ. ಮಕ್ಕಳು, ಸಾಕುಪ್ರಾಣಿಗಳು ನೆಕ್ಕಿದರೆ ಜೀವಕ್ಕೇ ಅಪಾಯ.

ಕಾಂಡದಿಂದ ಕುಡಿಯದ ಎಲೆಗಳಿಗೆ

ಫರ್ನ್, ಐವಿ, ಬಿಡಿ ಎಲೆಗಳನ್ನು ದ್ರಾವಣದೊಳಗೇ ಮುಳುಗಿಸಬೇಕು. ಇದಕ್ಕೆ ಗ್ಲಿಸರಿನ್ ಮತ್ತು ನೀರು ಸಮಸಮ. ಅಗಲವಾದ ಟ್ರೇಯಲ್ಲಿ ಎಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ದ್ರಾವಣ ಹುಯ್ದು, ಮೇಲೆ ತೇಲದಂತೆ ಒಂದು ತಟ್ಟೆ ಕವುಚಿಡಿ. ಮೂರನೇ ದಿನದಿಂದಲೇ ನೋಡುತ್ತಿರಿ. ಬಣ್ಣ ಒಂದೇ ಸಮನಾಗಿ ಬದಲಾಗಿ, ಎಲೆ ಮೃದುವಾಗಿ ಬಾಗಿದರೆ ಆಯಿತು. ಒಂದು ವಾರ ಮೇಲೂ ಆಗಬಹುದು. ತೆಗೆದು, ಸೋಪು ನೀರಿನಲ್ಲಿ ಬೇಗ ತೊಳೆದು, ಬಟ್ಟೆಯ ಮೇಲೆ ಹರಡಿ ಆರಿಸಿ.

ಬಣ್ಣವೇ ಮುಖ್ಯ ಎಂದಾದರೆ ಒತ್ತಿ ಒಣಗಿಸಿ

ಫ್ರೇಮ್ ಹಾಕಿಸಲು, ಗಾಜಿನ ಕೆಳಗೆ ಇಡಲು, ಕಾರ್ಡುಗಳಿಗೆ ಅಂಟಿಸಲು ಇದೇ ಸರಿ. ಇಲ್ಲಿನ ಗುಟ್ಟು ವೇಗ. ನೀರು ಬೇಗ ಹೋದಷ್ಟೂ ಹಸಿರು ಜಾಸ್ತಿ ಉಳಿಯುತ್ತದೆ, ನಿಧಾನವಾದಷ್ಟೂ ಕಂದಾಗುತ್ತದೆ. ಮೈಮೇಲೆ ನೀರಿಲ್ಲದ ಎಲೆಗಳನ್ನು ಹೊಳಪಿಲ್ಲದ ಪೇಪರ್‌ಗಳ ನಡುವೆ ಹರಡಿ, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ. ಮ್ಯಾಗಜೀನ್‌ಗಳ ನುಣುಪು ಕಾಗದ ನೀರು ಹೀರುವುದಿಲ್ಲ, ಅದು ಬೇಡ. ಮೊದಲ ನಾಲ್ಕೈದು ದಿನ ದಿನಕ್ಕೊಮ್ಮೆ ಪೇಪರ್ ಬದಲಾಯಿಸಿ. ಹೆಚ್ಚಿನವರು ಬಿಡುವುದು ಈ ಕೆಲಸವನ್ನೇ, ಆಮೇಲೆ ಎಲೆ ಕಪ್ಪಾಯಿತು ಎಂದು ಬೇಸರಪಡುತ್ತಾರೆ. ಎರಡು ವಾರದ ಹೊತ್ತಿಗೆ ತೆಗೆದು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ.

ಅವಸರ ಇದ್ದರೆ ಇಸ್ತ್ರಿ ಪೆಟ್ಟಿಗೆ. ಎಲೆಯನ್ನು ಎರಡು ಬಿಳಿ ಕಾಗದದ ನಡುವೆ ಇಟ್ಟು, ಕಡಿಮೆ ಶಾಖದಲ್ಲಿ, ಸ್ಟೀಮ್ ಇಲ್ಲದೆ ಹತ್ತು ಹದಿನೈದು ಸೆಕೆಂಡ್ ಒತ್ತಿ, ಎತ್ತಿ, ಆರಲು ಬಿಟ್ಟು ಮತ್ತೆ ಒತ್ತಿ. ಎಳೆಯಬೇಡಿ, ಎಲೆ ಹರಿಯುತ್ತದೆ. ಮೈಕ್ರೋವೇವ್‌ನಲ್ಲಾದರೆ ಪೇಪರ್ ಟವೆಲ್‌ಗಳ ನಡುವೆ ಇಟ್ಟು ಮೇಲೆ ಪಿಂಗಾಣಿ ತಟ್ಟೆ ಹೊದಿಸಿ, ಮೂವತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು. ನಡುನಡುವೆ ತೆರೆದು ನೋಡುತ್ತಿರಿ, ಮರೆತರೆ ಹೊತ್ತಿಕೊಳ್ಳುತ್ತದೆ.

ನೇತುಹಾಕಿ ಒಣಗಿಸುವುದು

ರೋಸ್‌ಮೇರಿ, ಸೇಜ್, ನೀಲಗಿರಿಯಂಥ ಪರಿಮಳದ ಸೊಪ್ಪಿಗೆ ಇದು ಸುಲಭ. ಸಣ್ಣ ಸಣ್ಣ ಕಟ್ಟು ಮಾಡಿ, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ಬಿಡಿ. ದಾರದ ಬದಲು ರಬ್ಬರ್ ಬ್ಯಾಂಡ್ ಹಾಕಿ. ಒಣಗುತ್ತಾ ಕಾಂಡ ಸಣಕಲಾಗುತ್ತದೆ, ದಾರವಾದರೆ ಸಡಿಲವಾಗಿ ಕಟ್ಟು ಕೆಳಗೆ ಬೀಳುತ್ತದೆ. ಕಟ್ಟು ದಪ್ಪವಾದರೆ ನಡುವಿನ ಎಲೆಗಳಿಗೆ ಬೂಷ್ಟು ಬರುತ್ತದೆ. ಸೋಮಾರಿಗಳಿಗೊಂದು ದಾರಿ: ನೀಲಗಿರಿಯನ್ನು ಹೂದಾನಿಯಲ್ಲಿ ಎರಡು ಬೆರಳು ನೀರು ಹಾಕಿ ಮರೆತುಬಿಡಿ. ನೀರು ಖಾಲಿಯಾಗುತ್ತಾ ನಿಂತಲ್ಲೇ ಒಣಗುತ್ತದೆ.

ಆಕಾರ ಮುದುಡಬಾರದು ಎನ್ನುವ ಸಣ್ಣ ಎಲೆಗಳಿಗೆ ಸಿಲಿಕಾ ಜೆಲ್ ಇದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಎಲೆಯನ್ನು ಅದರಲ್ಲಿ ಹೂತಿಟ್ಟರೆ ಕೆಲವೇ ದಿನಗಳಲ್ಲಿ ಒಣಗುತ್ತದೆ. ಆದರೆ ಬರೀ ಎಲೆಗೆ ಇಷ್ಟು ಖರ್ಚು ಬೇಕಾ ಎಂದರೆ, ಹೂವಿಗೆ ಸರಿ, ಎಲೆಗೆ ಜಾಸ್ತಿಯೇ ಆಯಿತು ಎನ್ನುತ್ತೇನೆ. ಬಳಸುವುದಾದರೆ ಅದರ ಧೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಿ.

ತಯಾರಾದ ಮೇಲೆ

ಗ್ಲಿಸರಿನ್ ಎಲೆಗಳನ್ನು ಸ್ನಾನದ ಮನೆ, ಅಡುಗೆಮನೆಯಲ್ಲಿ ಇಡಬೇಡಿ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಅವು ಅದನ್ನು ಹೀರಿಕೊಂಡು ಬೆವರುತ್ತವೆ. ಒಣ ಎಲೆಗಳಿಗೆ ಬಿಸಿಲು ಶತ್ರು, ಕಿಟಕಿಯ ಪಕ್ಕ ಇಟ್ಟ ಫ್ರೇಮಿನ ಹಸಿರು ಬೇಗ ಮಾಸುತ್ತದೆ. ಗ್ಲಿಸರಿನ್ ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಒಣ ಎಲೆಗೆ ಮೆತ್ತನೆ ಬ್ರಷ್ ಮಾತ್ರ. ಗ್ಲಿಸರಿನ್ ಎಲೆಗಳನ್ನು ಗೋಡೆಗೆ, ಬಟ್ಟೆಗೆ ನೇರವಾಗಿ ತಾಗಿಸಬೇಡಿ, ಎಣ್ಣೆ ಕಲೆಯಂಥ ಗುರುತು ಬೀಳುತ್ತದೆ, ಬಣ್ಣ ಹಾಕಿದ್ದರಂತೂ ಹೋಗುವುದೇ ಇಲ್ಲ. ಬಳಸದಿರುವಾಗ ಪ್ಲಾಸ್ಟಿಕ್ ಚೀಲದ ಬದಲು ರಟ್ಟಿನ ಡಬ್ಬಿಯಲ್ಲಿ, ಪೇಪರ್ ಸುತ್ತಿ ಇಡಿ. ಒಣಗಿಸಿದ್ದನ್ನೂ ಗ್ಲಿಸರಿನ್‌ನದ್ದನ್ನೂ ಒಂದೇ ಡಬ್ಬಿಗೆ ಹಾಕಬೇಡಿ.